ಟ್ಯಾಂಕಿನೊಳಗಿನ ಗುಂಡು

ಮಾದರಿ ವಿಮಾನಕ್ಕೆ ಎಂಜಿನ್ ಕೂರಿಸುವ ದಿನಕ್ಕಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಸುಮಾರು 7.5 ಸಿಸಿಯ ಟು-ಸ್ಟ್ರೋಕ್ ಗ್ಲೋ ಎಂಜಿನ್ ಅದು. ಇಡೀ ದಿನವನ್ನು ಅದಕ್ಕೇ ಕೊಟ್ಟೆ. ಟ್ಯಾಂಕ್ ಒಂದು ಪ್ಲಾಸ್ಟಿಕ್ ಬಾಟಲಿ ತಾನೇ ಎಂದು ಅದನ್ನು ಸಂಜೆಗೆ ಬಿಟ್ಟೆ.

ಫೈರ್‌ವಾಲ್ ಎನ್ನುವ ಪ್ಲೈವುಡ್ ಗೋಡೆಯ ಮೇಲೆ ಮಧ್ಯರೇಖೆಗಳನ್ನು ಎಳೆದು ಎಂಜಿನ್ನನ್ನು ಹಿಡಿದುಕೊಳ್ಳುವ ನೈಲಾನ್ ಮೌಂಟಿನ ನಾಲ್ಕು ರಂಧ್ರಗಳನ್ನು ಕೊರೆದೆ. ಪ್ರೊಪೆಲರ್ ತಿರುಗುವಾಗ ವಿಮಾನ ಎಡಕ್ಕೆ ವಾಲುತ್ತದೆ. ಅದನ್ನು ಸರಿದೂಗಿಸಲು ಎಂಜಿನ್ ಎರಡು ಡಿಗ್ರಿ ಬಲಕ್ಕೆ ನೋಡಬೇಕು. ಮೌಂಟಿನ ಎಡಬದಿಯ ಹಿಂದೆ ವಾಷರ್ ಕೊಟ್ಟರೆ ಸಾಕು. ಆದರೆ ಹಾಗೆ ತಿರುಗಿಸಿದಾಗ ಫೈರ್‌ವಾಲಿನಿಂದ 10 ಸೆಂ.ಮೀ. ಮುಂದಿರುವ ಪ್ರೊಪೆಲರ್ ಮೂರೂವರೆ ಮಿ.ಮೀ.ನಷ್ಟು ಬಲಕ್ಕೆ ಸರಿಯುತ್ತದೆ. ಮೌಂಟನ್ನು ಮೊದಲೇ ಅಷ್ಟು ಎಡಕ್ಕಿಟ್ಟು ಕೊರೆಯಬೇಕಿತ್ತು. ಇದು ಹೊಳೆದದ್ದು ಕೊರೆದಾದ ಮೇಲೆ! ರಂಧ್ರಗಳಿಗೆ ಮರದ ಕಡ್ಡಿ ಮತ್ತು ಎಪಾಕ್ಸಿ ತುಂಬಿ, ಮರುದಿನ ಹೊಸದಾಗಿ ಕೊರೆದೆ. ಹಿಂದಿನಿಂದ ಮರಕ್ಕೆ ಕಚ್ಚಿಕೊಳ್ಳುವ ಟಿ-ನಟ್ ಹಾಕಿ, ಬೋಲ್ಟ್ ಬಿಗಿದು, ಫೈರ್‌ವಾಲಿಗೆಲ್ಲ ತೆಳುವಾಗಿ ಎಪಾಕ್ಸಿ ಬಳಿದೆ. ಇಂಧನದ ಎಣ್ಣೆ ಕುಡಿದ ಮರಕ್ಕೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ಇನ್ನು ಟ್ಯಾಂಕ್. ಅದರೊಳಗೆ ಮೆದುವಾದ ಸಿಲಿಕೋನ್ ಕೊಳವೆ, ತುದಿಯಲ್ಲಿ ಕ್ಲಂಕ್ ಎನ್ನುವ ಹಿತ್ತಾಳೆಯ ಗುಂಡು. ವಿಮಾನ ಹೇಗೆ ತಿರುಗಿದರೂ ಗುಂಡು ಇಂಧನ ಇರುವ ಕಡೆಗೇ ಬೀಳುತ್ತದೆ. ಎಂಜಿನ್ ಅದರ ಮೂಲಕ ಹೀರಿಕೊಳ್ಳುತ್ತದೆ. ಇನ್ನೊಂದು ಕೊಳವೆ ಮಫ್ಲರಿನ ಒತ್ತಡವನ್ನು ಟ್ಯಾಂಕಿನ ಮೇಲ್ಭಾಗಕ್ಕೆ ತರುತ್ತದೆ. ಟ್ಯಾಂಕಿನ ನಡುಮಟ್ಟವನ್ನು ಇಂಧನವನ್ನು ಹೆಚ್ಚು-ಕಡಿಮೆ ಮಾಡುವ ಕಾರ್ಬ್ಯುರೇಟರಿನ ಸೂಜಿಯ ಮಟ್ಟಕ್ಕೆ ಹೊಂದಿಸಿದೆ. ಅದುರಿದರೆ ಇಂಧನ ನೊರೆಯಾಗುತ್ತದೆ, ಆದ್ದರಿಂದ ಸುತ್ತಲೂ ಸ್ಪಂಜು ಸುತ್ತಿದೆ. ಗುಂಡಿನ ಸಿಲಿಕೋನ್ ಕೊಳವೆಯನ್ನು ಮಾತ್ರ ಅಳೆಯದೆ, ಕಣ್ಣಂದಾಜಿನಲ್ಲಿ ಕತ್ತರಿಸಿಬಿಟ್ಟೆ.

ಮೊದಲ ಹಾರಾಟ ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಇಳಿಯುವಾಗ ಮೂತಿ ನೆಲಕ್ಕೆ ಕುಟ್ಟಿತು. ಪ್ರೊಪೆಲರ್ ಮುರಿದದ್ದು ಬಿಟ್ಟರೆ ಬೇರೆ ಹಾನಿ ಕಾಣಲಿಲ್ಲ. ಹೊಸದನ್ನು ಹಾಕಿ ಚಾಲೂ ಮಾಡಿದರೆ ನೆಲದ ಮೇಲೆ ಎಂಜಿನ್ ಸೊಗಸಾಗಿ ಓಡಿತು. ಮೂತಿ ಮೇಲೆತ್ತಿ ಹಿಡಿದೆ, ಕ್ಷಣದಲ್ಲಿ ನಿಂತಿತು. ಎರಡು ಸಂಜೆ ಸೂಜಿಯನ್ನೇ ತಿರುಗಿಸಿದೆ. ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬದಲಿಸಿದೆ. ಪಾಪದ ಎಂಜಿನ್ನನ್ನು ಬೈದೆ.

ಕೊನೆಗೆ ಟ್ಯಾಂಕ್ ಹೊರತೆಗೆದು ಬೆಳಕಿಗೆ ಹಿಡಿದೆ. ಕುಟ್ಟಿದ ರಭಸಕ್ಕೆ ಗುಂಡು ಮುಂದಕ್ಕೆ ನೆಗೆದು, ಕೊಳವೆ ಮಡಚಿಕೊಂಡು, ಬಿರಡೆಯ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು. ಮೂತಿ ಎತ್ತಿದಾಗ ಇಂಧನವೆಲ್ಲ ಹಿಂದಕ್ಕೆ, ಗುಂಡು ಮುಂದೆ. ಎಂಜಿನ್ ಬರಿಯ ಗಾಳಿ ಹೀರುತ್ತಿತ್ತು.

ಕೊಳವೆಯ ನಡುಭಾಗದಲ್ಲಿ ಹಿತ್ತಾಳೆ ನಳಿಕೆಯ ತುಂಡೊಂದನ್ನು ಸೇರಿಸಿ, ಎರಡು ತುದಿಗಳಲ್ಲಿ ಮಾತ್ರ ಬಾಗುವಷ್ಟು ಸಿಲಿಕೋನ್ ಉಳಿಸಿದೆ. ಈಗ ಗುಂಡು ಸುತ್ತಲೂ ಆಡುತ್ತದೆ, ಹಿಂಗೋಡೆಗೆ ತಾಗುವುದಿಲ್ಲ, ಮಡಚಿಕೊಳ್ಳಲೂ ಆಗುವುದಿಲ್ಲ. ಬಿರಡೆ ಬಿಗಿದು, ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ ಒಂದು ಕೊಳವೆಗೆ ಊದಿದೆ, ಇನ್ನೊಂದನ್ನು ಬೆರಳಿನಿಂದ ಮುಚ್ಚಿ. ಗುಳ್ಳೆ ಬರಲಿಲ್ಲ. ಈಗಲೂ ಇಳಿಯುವಾಗ ಮೂತಿ ಕುಟ್ಟಿದರೆ, ಪ್ರೊಪೆಲರಿಗಿಂತ ಮೊದಲು ವಿಮಾನವನ್ನು ಅಲುಗಿಸಿ ಗುಂಡಿನ ಸದ್ದು ಕೇಳುತ್ತೇನೆ.