ಶ್ರಾವಣದಲ್ಲಿ ಪುರಾಣ ಹೇಳುತ್ತಾ ಕಲಿತದ್ದು

ನಮ್ಮ ಲಿಂಗಸುಗೂರು ಸೀಮೆಯಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ, ಅಂದರೆ ರಾತ್ರಿ ರಾತ್ರಿ ಶರಣರ ಕಥೆ ಹೇಳಿಸುತ್ತಾರೆ. ಪುರಾಣಿಕರು ಸಿಗದ ಒಂದು ವರ್ಷ ಊರಿನವರು ಕನ್ನಡ ಮಾಸ್ತರನಾಗಿದ್ದ ನನ್ನನ್ನು ಮೈಕಿನ ಮುಂದೆ ಕೂಡಿಸಿದರು. ಆಮೇಲೆ ಬಿಡಲೇ ಇಲ್ಲ.

ಅದು ಹೆಸರು ಬಿಡಿಸುವ, ತೊಗರಿಯ ಕಳೆ ತೆಗೆಯುವ ಕಾಲ. ರೊಟ್ಟಿ ತಿಂದು ಎಂಟೂವರೆಗೆ ಬಂದು ಕೂತವರಿಗೆ ಒಂಬತ್ತಕ್ಕೆಲ್ಲ ತೂಕಡಿಕೆ. ಹಾಗಾಗಿ ರಾತ್ರಿಗೆ ಒಂದೇ ವಚನ, ಒಬ್ಬರೇ ಶರಣರು. ಮೊದಲು ಗವಾಯಿ ವಚನ ಹಾಡುತ್ತಾರೆ, ನಾನು ಮಾತಾಡುತ್ತೇನೆ, ಮಾತು ಭಾರವಾಯಿತು ಅನ್ನಿಸಿದರೆ ಅವರೇ ಹಾರ್ಮೋನಿಯಂ ಎತ್ತಿಕೊಳ್ಳುತ್ತಾರೆ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸದಿದ್ದರೆ ನಮ್ಮ ಕಡೆಯ ಎಷ್ಟೋ ಪುರಾಣಗಳು ಬರೀ ಭಾಷಣವಾಗುತ್ತಿದ್ದವು.

ನನ್ನ ಕೈ ಹಿಡಿದವಳು ಬಸವಣ್ಣನವರ ಕಾಲದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಅವಳ ಅಂಕಿತದಲ್ಲಿ, ಅಂದರೆ ವಚನದ ಕೊನೆಗೆ ಬರುವ ದೇವರ ಹೆಸರಿನಲ್ಲಿ, ಇರುವ ಅಮರೇಶ್ವರ ನಮ್ಮ ತಾಲ್ಲೂಕಿನವನೇ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ‘ಈಸಕ್ಕಿಯಾಸೆ ನಿಮಗೇಕೆ?’ ಅಂದಳು ಹೆಂಡತಿ. ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು.

ಇಲ್ಲಿ ನಾನು ಅವಸರ ಮಾಡುವುದಿಲ್ಲ. ದಿನವೆಲ್ಲ ಆಯ್ದರೆ ಎಷ್ಟು ಅಕ್ಕಿ ಕೂಡೀತು ಎಂದು ಕೇಳುತ್ತೇನೆ. ಹೆಂಗಸರ ಸಾಲಿನಲ್ಲಿ ಪಾವು, ಸೇರು ಎಂದು ವಾದ ಏಳುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಹಕ್ಕಲು ಆಯ್ದವರು ಅಲ್ಲೇ ಕೂತಿರುತ್ತಾರೆ, ಅವರ ಲೆಕ್ಕ ನನ್ನದಕ್ಕಿಂತ ಗಟ್ಟಿ. ಒಂದು ಹಿಡಿ ಕಾಳಿಗೆ ಎಷ್ಟು ಸಲ ನಡು ಬಗ್ಗಬೇಕು ಎಂದು ಅವರೇ ಹೇಳಿದ ಮೇಲೆ, ಆ ಅಕ್ಕಿಯನ್ನು ಮತ್ತೆ ಸುರಿದು ಬರುವುದು ಎಂಥ ಮಾತು ಎಂದು ವಿವರಿಸಬೇಕಾಗಿಲ್ಲ.

‘ದುರಾಸೆ ಬಿಡಿ’ ಎಂದು ನಾನು ಹೇಳುವುದಿಲ್ಲ. ಸಣ್ಣ ಊರು. ಬಡ್ಡಿ ಅಂದ ಕೂಡಲೇ ಎಲ್ಲರ ಕಣ್ಣೂ ಒಂದೇ ಕಂಬದ ಕಡೆ ತಿರುಗುತ್ತವೆ. ಆ ಕಂಬಕ್ಕೆ ಒರಗಿದವನು ಮರುದಿನ ಬರುವುದಿಲ್ಲ. ಉಳಿದವರು ತಾವು ಪಾರಾದೆವು ಅಂದುಕೊಳ್ಳುತ್ತಾರೆ. ಲಕ್ಕಮ್ಮನ ಮುಂದೆ ಯಾರೂ ಪಾರಾಗುವುದಿಲ್ಲ, ನಾನೂ ಸೇರಿ. ದನಿ ಏರಿಸದೆ ಹೇಳುವುದನ್ನು ನಾನು ಕಲಿತದ್ದು 2023ರ ಜನವರಿಯಲ್ಲಿ ಲಿಂಗೈಕ್ಯರಾದ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಕೇಳಿ. ಸಾವಿರಾರು ಜನರ ಮುಂದೆಯೂ ಎದುರಿಗೆ ಒಬ್ಬರೇ ಕೂತಂತೆ ಮಾತಾಡುತ್ತಿದ್ದರು.

ವಾಟ್ಸಾಪಿನಲ್ಲಿ ಬಂದ ವಚನ ಓದುವುದಿಲ್ಲ. ಬಸವಣ್ಣನವರ ಹೆಸರಿನಲ್ಲಿ ಯಾರ್‍ಯಾರದೋ ಸಾಲುಗಳು ಓಡಾಡುತ್ತಿವೆ. ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ ಅಲೆದು 1923ರಲ್ಲಿ ವಚನಗಳ ಸಂಕಲನ ಅಚ್ಚು ಹಾಕಿಸಿದ ಮೇಲೂ ನಾವು ಪುಸ್ತಕ ತೆರೆಯದಿದ್ದರೆ ಹೇಗೆ?

ಮಾರಯ್ಯ ಅಕ್ಕಿ ಸುರಿದು ಬಂದಲ್ಲಿಗೆ ಆ ರಾತ್ರಿಯ ಕಥೆ ನಿಲ್ಲಿಸುತ್ತೇನೆ. ಹಿರಿಯರಿಗೆ ಇದು ಸಮ್ಮತವಲ್ಲ. ಅಷ್ಟು ಅಕ್ಕಿಯಲ್ಲೇ ಲಕ್ಷಕ್ಕೂ ಮಿಕ್ಕಿ ಜಂಗಮರಿಗೆ ಉಣಬಡಿಸಿದ ಪ್ರಸಂಗ ಎಲ್ಲಿ ಹೋಯಿತು ಎನ್ನುತ್ತಾರೆ. ಅದನ್ನು ಬೇಕೆಂದೇ ಮರುದಿನಕ್ಕೆ ಇಡುತ್ತೇನೆ. ಪವಾಡ ಬಂದರೆ ಜನ ಕೈ ಮುಗಿದು ಎದ್ದು ಹೋಗುತ್ತಾರೆ. ಬರದಿದ್ದರೆ ಕಟ್ಟೆಯ ಮೇಲೆ ವಾದಕ್ಕೆ ಕೂಡುತ್ತಾರೆ. ಹಾಗೆ ಕೂತಾಗಲೇ ಒಬ್ಬ ಅಜ್ಜಿ ಕೇಳಿದ್ದು: ‘ಮನ್ಯಾಗ ಕೂಸು ಹಸದಿದ್ರೂ ವಾಪಸ್ ಕಳಸ್ತಿದ್ಲೇನ್ರೀ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುರಾತ್ರಿ ಆ ಪ್ರಶ್ನೆಯನ್ನೇ ಮೈಕಿನಲ್ಲಿ ಹೇಳಿ, ಆಮೇಲೆ ಜಂಗಮರಿಗೆ ಉಣಬಡಿಸಿದ ಆ ದಾಸೋಹದ ಕಥೆಗೆ ಹೋದೆ.