ಸೆಕೆಂಡ್ ಹ್ಯಾಂಡ್ ಗಾಡಿಗೆ ರೀಕಾಲ್ ಬಾಕಿ ಇದೆಯಾ? ನೋಡೋದು ಹೀಗೆ

ಉಡುಪಿಯ ಒಂದು ಕಾರ್ ಸರ್ವೀಸ್ ಸೆಂಟರ್‌ನಲ್ಲಿ, ರೀಕಾಲ್ ಬಂದ ಗಾಡಿಗಳ ಮಾಲೀಕರಿಗೆ ಫೋನ್ ಮಾಡುವುದು ನನ್ನ ಕೆಲಸ. ರೀಕಾಲ್ ಅಂದರೆ ಗಾಡಿಯಲ್ಲಿ ದೋಷ ಇದೆಯೆಂದು ಗೊತ್ತಾದಾಗ, ಅದನ್ನು ಸರಿಪಡಿಸಲು ಕಂಪನಿಯೇ ವಾಪಸ್ ಕರೆಯುವುದು. ಕಂಪನಿಯಿಂದ ಚಾಸಿಸ್ ನಂಬರ್‌ಗಳ ಪಟ್ಟಿ ಬರುತ್ತದೆ. ನಮ್ಮಲ್ಲಿರುವುದು ಗಾಡಿ ಹೊಸದಾಗಿ ಕೊಂಡವರು ಅಂದು ಬರೆಸಿದ ಹೆಸರು, ಫೋನ್ ನಂಬರ್. "ಅದನ್ನು ಮಾರಿ ತುಂಬಾ ವರ್ಷ ಆಯ್ತಲ್ಲಮ್ಮ" ಎನ್ನುತ್ತಾರೆ. ಯಾರಿಗೆ ಎಂದರೆ "ಬ್ರೋಕರ್‌ಗೆ ಕೊಟ್ಟೆ." ಅಲ್ಲಿಗೆ ನಮ್ಮ ದಾರಿ ಮುಗಿಯಿತು. ಗಾಡಿ ಮಾತ್ರ ಎಲ್ಲೋ ಓಡುತ್ತಲೇ ಇರುತ್ತದೆ.

ಹಾಗಾಗಿ ಹಳೆ ಗಾಡಿ ಕೊಂಡವರು ನಮ್ಮ ಫೋನಿಗೆ ಕಾಯಬೇಡಿ. ನೀವೇ ವಿಚಾರಿಸಿ.

ಮೊದಲು ಚಾಸಿಸ್ ನಂಬರ್ ಬರೆದಿಟ್ಟುಕೊಳ್ಳಿ. ಆರ್‌ಸಿಯಲ್ಲೂ ಇನ್ಶೂರೆನ್ಸ್ ಪಾಲಿಸಿಯಲ್ಲೂ ಇರುತ್ತದೆ. ಅದನ್ನು ಗಾಡಿಯ ಮೇಲೆ ಕೊರೆದಿರುವ ನಂಬರ್ ಜೊತೆ ತಾಳೆ ನೋಡಿ. ಒಟ್ಟು 17 ಅಕ್ಷರ ಮತ್ತು ಅಂಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಓ ಥರ ಕಂಡರೆ ಅದು ಸೊನ್ನೆ, ಐ ಥರ ಕಂಡರೆ ಒಂದು. ಇದನ್ನು ತಪ್ಪಾಗಿ ಟೈಪ್ ಮಾಡಿ, ಏನೂ ಬರಲಿಲ್ಲ ಅಂತ ಸುಮ್ಮನಾಗುವವರು ಬಹಳ.

ಆಮೇಲೆ ನಿಮ್ಮ ಗಾಡಿ ಕಂಪನಿಯ ವೆಬ್‌ಸೈಟಿಗೆ ಹೋಗಿ. ಮಾರುತಿ, ಹೋಂಡಾದಂಥ ಕಂಪನಿಗಳ ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ನೋಡುವ ಜಾಗ ಇದೆ. ಅದು ಸಿಗದಿದ್ದರೆ ಅಧಿಕೃತ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ. ಕೇಳುವಾಗ "ಈ ಚಾಸಿಸ್ ಮೇಲೆ ರೀಕಾಲ್ ಅಥವಾ ಸರ್ವೀಸ್ ಕ್ಯಾಂಪೇನ್ ಬಾಕಿ ಇದೆಯಾ?" ಎಂದೇ ಕೇಳಿ. ರೀಕಾಲ್ ಎನ್ನುವ ಮಾತು ಬಳಸದೆ ಕ್ಯಾಂಪೇನ್ ಎಂದಷ್ಟೇ ಹೇಳುವುದೂ ಉಂಟು.

ಇಷ್ಟೆಲ್ಲ ಯಾಕೆ ಅಂತೀರಾ? ಟಕಾಟಾ ಎಂಬ ಜಪಾನಿ ಕಂಪನಿ ಮಾಡಿದ ಏರ್‌ಬ್ಯಾಗ್ ವಿಷಯ ನೋಡಿ. ಅದರ ಇನ್‌ಫ್ಲೇಟರಿನಲ್ಲಿದ್ದ (ಏರ್‌ಬ್ಯಾಗ್ ಉಬ್ಬಿಸುವ ಭಾಗ) ಅಮೋನಿಯಂ ನೈಟ್ರೇಟ್ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವ ತಾಗಿ ಕೆಡುತ್ತದೆ. ಅಪಘಾತವಾದಾಗ ಬೇಕಾದ್ದಕ್ಕಿಂತ ಜೋರಾಗಿ ಸಿಡಿದು, ಲೋಹದ ಚೂರುಗಳು ಮುಖ, ಕುತ್ತಿಗೆಗೆ ಹಾರುತ್ತವೆ. ಅಂದರೆ ಗಾಡಿ ಹಳೆಯದಾದಷ್ಟೂ ಅಪಾಯ ಜಾಸ್ತಿ. ಅಷ್ಟೊತ್ತಿಗೆ ಅದು ಎರಡು ಮೂರು ಕೈ ಬದಲಾಗಿರುತ್ತದೆ. ಹೋಂಡಾ 2018ರ ಜನವರಿಯಲ್ಲಿ, 2013ರಲ್ಲಿ ತಯಾರಾದ 22,834 ಅಕಾರ್ಡ್, ಸಿಟಿ, ಜಾಝ್ ಕಾರುಗಳನ್ನು ಈ ಕಾರಣಕ್ಕೇ ವಾಪಸ್ ಕರೆಯಿತು. ನಮ್ಮ ಕರಾವಳಿಯಂಥ ಸೆಕೆಯ ಊರಿನಲ್ಲಿ ಓಡುವ ಹಳೆ ಕಾರುಗಳ ಬಗ್ಗೆ ನನಗೆ ನಿಜವಾಗಿಯೂ ಭಯವಿದೆ.

ಸ್ಪೇರ್ ಪಾರ್ಟ್‌ನಿಂದಲೂ ರೀಕಾಲ್ ಬರಬಹುದು. 2024ರಲ್ಲಿ ಹೋಂಡಾ ಫ್ಯುಯಲ್ ಪಂಪ್ ಬದಲಿಸಲು 90,468 ಕಾರು ಕರೆದಾಗ, ಜೊತೆಗೆ ಅದೇ ಪಾರ್ಟ್ ಹಾಕಿಸಿಕೊಂಡಿದ್ದ ಇನ್ನೂ ಹಳೆಯ 2,204 ಕಾರುಗಳೂ ಸೇರಿದ್ದವು. ಹಾಗಾಗಿ ಗಾಡಿ ಕೊಳ್ಳುವಾಗ ಹಳೆ ಮಾಲೀಕರಿಂದ ಸರ್ವೀಸ್ ಬಿಲ್‌ಗಳನ್ನೂ ಕೇಳಿ ಪಡೆಯಿರಿ.

ರೀಕಾಲ್ ಇದೆ ಅಂತ ಗೊತ್ತಾದರೆ ರಿಪೇರಿಗೆ ದುಡ್ಡು ಕೊಡಬೇಕಿಲ್ಲ. ನೀವು ಎಷ್ಟನೇ ಮಾಲೀಕರು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪಾರ್ಟ್ ಬರಲು ತಡ ಎಂದರೆ, ಅಲ್ಲಿಯವರೆಗೆ ಗಾಡಿ ಓಡಿಸಬಹುದಾ ಎಂದು ಖಂಡಿತ ಕೇಳಿ. 2021ರಲ್ಲಿ ಮಾರುತಿ 1,81,754 ಪೆಟ್ರೋಲ್ ಕಾರುಗಳನ್ನು ಮೋಟಾರ್ ಜನರೇಟರ್ ಯೂನಿಟ್ ಎಂಬ ವಿದ್ಯುತ್ ಭಾಗ ನೋಡಲು ಕರೆದಾಗ, ರಿಪೇರಿ ಆಗುವವರೆಗೆ ನೀರು ನಿಂತ ರಸ್ತೆಗೆ ಇಳಿಯಬೇಡಿ ಎಂದಿತ್ತು. ಕೆಲಸ ಮುಗಿದ ಮೇಲೆ ರೀಕಾಲ್ ಆಯಿತೆಂದು ಬರೆದ ಜಾಬ್ ಕಾರ್ಡ್ (ಮಾಡಿದ ಕೆಲಸದ ವಿವರ ಇರುವ ಚೀಟಿ) ಪ್ರತಿ ಇಟ್ಟುಕೊಳ್ಳಿ. ಒಟಿಪಿ ಕೇಳಿ ಫೋನ್ ಬಂದರೆ ಕಟ್ ಮಾಡಿ. ಫೋನಿನಲ್ಲಿ ಯಾರಿಗೂ ಒಟಿಪಿ ಹೇಳಬೇಡಿ.

ಇನ್ನು ಮುಖ್ಯವಾದ ಮಾತು. ಆರ್‌ಸಿ ನಿಮ್ಮ ಹೆಸರಿಗೆ ಆದ ಮಾತ್ರಕ್ಕೆ ಕಂಪನಿಯ ದಾಖಲೆಯಲ್ಲಿ ಹೆಸರು ಬದಲಾಗುತ್ತದೆ ಅಂದುಕೊಳ್ಳಬೇಡಿ. ಸರ್ವೀಸ್ ಸೆಂಟರ್‌ಗೆ ಆರ್‌ಸಿ ತೋರಿಸಿ, ನಿಮ್ಮ ಹೆಸರು, ಫೋನ್ ನಂಬರ್ ಬರೆಸಿ. ಹೊರಗಿನ ಗ್ಯಾರೇಜಿನಲ್ಲೇ ಸರ್ವೀಸ್ ಮಾಡಿಸುವವರು ಇದನ್ನು ತಪ್ಪಿಸಲೇಬಾರದು, ಅವರ ಸುಳಿವು ನಮಗೆ ಬೇರೆ ಎಲ್ಲೂ ಸಿಗುವುದಿಲ್ಲ. ಆರ್‌ಟಿಒ ದಾಖಲೆಯಲ್ಲೂ ಮೊಬೈಲ್ ನಂಬರ್ ಸರಿಯಾಗಿದೆಯಾ ನೋಡಿ. ರೀಕಾಲ್ ಯಾವಾಗ ಬೇಕಾದರೂ ಬರಬಹುದು, ಆದ್ದರಿಂದ ಪ್ರತಿ ಸಲ ಇನ್ಶೂರೆನ್ಸ್ ಕಟ್ಟುವಾಗ ಮತ್ತೊಮ್ಮೆ ಚೆಕ್ ಮಾಡಿ.

ಮಾರುವವರ ಪಾಲಿನ ಕೆಲಸವೂ ಇದೆ. ರಾಜ್ಯದ ಒಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ಫಾರಂ 29 (ಗಾಡಿ ಮಾರಿದ್ದೇನೆ ಎಂಬ ತಿಳಿವಳಿಕೆ) ಕೊಡಬೇಕು, ಕೊಂಡವರು 30 ದಿನದೊಳಗೆ ಫಾರಂ 30 (ತಮ್ಮ ಹೆಸರಿಗೆ ಮಾಡಲು ಅರ್ಜಿ) ಕೊಡಬೇಕು. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆಯಬೇಡಿ. ಕೊಂಡವರ ನಂಬರ್ ನಿಮ್ಮ ಹತ್ತಿರ ಇರಲಿ. ಮಾರಿದ ಗಾಡಿಗೆ ರೀಕಾಲ್ ಪತ್ರ ಬಂದರೆ ಎಸೆಯಬೇಡಿ, ಫೋಟೊ ತೆಗೆದು ಅವರಿಗೆ ಕಳಿಸಿ. ನಂಬರ್ ಇಲ್ಲದಿದ್ದರೆ ಯಾವ ವರ್ಷ, ಯಾವ ಊರಿನ ಬ್ರೋಕರ್‌ಗೆ ಕೊಟ್ಟಿರಿ ಅನ್ನುವುದನ್ನಾದರೂ ನಮಗೆ ಹೇಳಿ. ಅಷ್ಟು ಎಳೆ ಸಿಕ್ಕರೂ ಹುಡುಕಲು ಶುರು ಮಾಡಬಹುದು.

ಸೆಕೆಂಡ್ ಓನರ್ ಎಂದು ಯಾರಾದರೂ ವಾಪಸ್ ಕಳಿಸಿದರೆ, ಚಾಸಿಸ್ ನಂಬರ್ ಸಮೇತ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಬರೆಯಿರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿದೆ. ದೋಷವಿರುವ ಗಾಡಿಗಳನ್ನು ವಾಪಸ್ ಕರೆಯಿರಿ ಎಂದು ಕೇಂದ್ರ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. ಇಮೇಲ್‌ನಲ್ಲಿ ಆ ಸೆಕ್ಷನ್ನನ್ನೂ ಬರೆಯಿರಿ.