ಕಾಫಿ ಪ್ರಬಂಧ ನೆಲಕ್ಕಿಳಿದ ಮೇಲೆ

ಚಿಕ್ಕಮಗಳೂರಿನವರಾಗಿ ಐದನೇ ಕ್ಲಾಸಿನ ಮಗಳಿಗೆ ಕಾಫಿ ಬಗ್ಗೆ ಪ್ರಬಂಧ ಕಷ್ಟವಾಗಬಾರದಿತ್ತು. ಎರಡು ಸಂಜೆ ಕೂತರೂ ಮೊದಲ ಸಾಲು ದಾಟಲಿಲ್ಲ. ಬಾಯಲ್ಲಿ ಕೇಳಿದರೆ ಮಾತ್ರ ತೋಟ, ಜಿಗಣೆ, ಅಜ್ಜಿಯ ಫಿಲ್ಟರ್ ಎಲ್ಲ ಒಟ್ಟಿಗೇ ಬರುತ್ತಿತ್ತು.

ಮೊದಲು ನಾನೇ ಹಾಳೆಯ ನಡುವೆ ‘ಕಾಫಿ’ ಎಂದು ಬರೆದು ಸುತ್ತ ಕೊಂಬೆ ಎಳೆದೆ. ಕೆಟ್ಟಿತು. ಪೆನ್ನಲ್ಲಿ ಬರೆದದ್ದು ಜರುಗುವುದಿಲ್ಲ. ಮೇಲಾಗಿ ಅದು ನನ್ನ ನಕ್ಷೆ, ಅವಳದಲ್ಲ.

ಆಮೇಲೆ ಹಳೇ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದೆ. ಚೀಟಿಗೊಂದೇ ಮಾತು, ಬರೆಯಲು ಬೇಸರವಾದರೆ ಚಿತ್ರ. 10 ನಿಮಿಷ ಯಾರೂ ‘ಇದು ಬೇಡ’ ಅನ್ನುವಂತಿಲ್ಲ (ಕಷ್ಟವಾಗಿದ್ದು ನನಗೇ). 23 ಚೀಟಿಗಳಾದವು. ಕೆಂಪು ನೆಲದ ಮೇಲೆ ಹರಡಿ, ಹಾರದಂತೆ ಹುಣಸೆಬೀಜ ಇಟ್ಟು, ಸಂಬಂಧ ಇರುವವನ್ನು ಸೀಮೆಸುಣ್ಣದ ಗೆರೆಯಿಂದ ಸೇರಿಸಿದಳು. ಸೂಫಿ ಸಂತ ಬಾಬಾ ಬುಡನ್ ಯೆಮನ್‌ನಿಂದ ತಂದರೆನ್ನುವ 7 ಕಾಫಿ ಬೀಜದ ಚೀಟಿ ‘ಇತಿಹಾಸ’ದ ಗುಂಪಿಗೆ ಹೋಗುತ್ತದೆಂದುಕೊಂಡಿದ್ದೆ. ಅವಳು ಅದನ್ನು ‘ಪ್ರಯಾಣ’ದಲ್ಲಿ, ಲಾರಿಯ ಪಕ್ಕ ಇಟ್ಟಳು. ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ ಯಾವ ಗುಂಪಿಗೂ ಸೇರದೆ ಒಂಟಿಯಾಯಿತು. ಪ್ರಬಂಧ ಅಲ್ಲಿಂದಲೇ ಶುರುವಾಯಿತು.

ಗುಂಪಿಗೊಂದು ಪ್ಯಾರಾ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ನಕ್ಷೆಯ ಫೋಟೋ ಮಾತ್ರ ತೆಗೆದಿಡಿ. ನಾವು ಮರೆತೆವು, ಬೆಳಿಗ್ಗೆ ಅತ್ತೆ ನೆಲ ಒರೆಸಿಬಿಟ್ಟಿದ್ದರು.